ಬೆಳೆದವರ ಹೆಸರು

ತಲೆ ಮತ್ತೆ ಬಲಕ್ಕೆ ವಾಲಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಅಣ್ಣನ ಕತ್ತಿನ ಹಿಂದೆ ಚಂದ್ರಶೇಖರಪ್ಪ ಪಂಚೆಯ ಇನ್ನೊಂದು ಮಡಿಕೆ ತುರುಕಿದ. ವಿಭೂತಿಯ ಬಟ್ಟಲು ಹಿಡಿದ ಅಯ್ಯನವರು ಕಾಯುತ್ತಿದ್ದರು. ನೀಲಾಂಬಿಕ ಎದ್ದು ಬಂದು ಗಂಡನ ಗಲ್ಲಕ್ಕೆ ಕೈಕೊಟ್ಟು ನೆಟ್ಟಗೆ ಹಿಡಿದಳು.

“ಈಗ ಹಚ್ಚಿ” ಎಂದಳು.

ಪಂಚಾಕ್ಷರಪ್ಪ ಹಿಂದಿನ ದಿನ ಸಂಜೆ ಕಾಫಿ ಲೋಟ ಕೆಳಗಿಟ್ಟು, ಎದೆ ನೀವಿಕೊಂಡು, ಹಾಗೇ ಒರಗಿದವರು ಏಳಲಿಲ್ಲ. ಸೊರಬದ ಕಚೇರಿಯ ಜಗಲಿಯಲ್ಲಿ ಇಪ್ಪತ್ತೆಂಟು ವರ್ಷ ಊರವರ ಅರ್ಜಿ ಬರೆದಿದ್ದರು. ಮಕ್ಕಳಿರಲಿಲ್ಲ. ಐವತ್ತೆಂಟನೇ ಇಸವಿಯ ಆ ಫಾಲ್ಗುಣದಲ್ಲಿ ಬಿಸಿಲು ಬೆಳಗ್ಗೆಯೇ ಅಂಗಳಕ್ಕಿಳಿದಿತ್ತು.

ಚಂದ್ರಶೇಖರಪ್ಪ ಶಿಕಾರಿಪುರದಲ್ಲಿ ಭತ್ತದ ವ್ಯಾಪಾರಿ. ಮೊದಲ ಬಸ್ಸಿಗೆ ಬಂದವನು ಒಂದು ಕ್ಷಣವೂ ಕೂತಿರಲಿಲ್ಲ. ಈಗ ಅಂಗಳದ ಕಟ್ಟೆಯ ಮೇಲೆ ಕೂತು ಸದಾಶಿವಪ್ಪನ ಹತ್ತಿರ ಹೇಳುತ್ತಿದ್ದ.

“ನಮ್ಮಣ್ಣ ಭಾಳ ಒಳ್ಳೆಯವನ್ರೀ. ಆದ್ರ ಬೆಳೀಲಿಲ್ಲ ನೋಡ್ರಿ. ಅವನ ಕೂಡ ಕೂತು ಬರ್ದೋರೆಲ್ಲ ಹೆಂಚಿನ ಮನೆ ಕಟ್ಟಿದ್ರು. ಇವನು ಕೂತಲ್ಲೇ ಕೂತ.”

ಸದಾಶಿವಪ್ಪನೂ ಅದೇ ಜಗಲಿಯಲ್ಲಿ ಅರ್ಜಿ ಬರೆಯುವವನು. “ಇಂಗ್ಲಿಷ್ ಅರ್ಜಿ ಬಿಟ್ಟಿದ್ದೇ ತಪ್ಪಾಯ್ತು. ಅದನ್ನ ಬರೆಯೋರು ಇಲ್ಲಿ ಇದ್ದಿದ್ದೇ ಇಬ್ಬರು ಮೂವರು. ನಾಲ್ಕು ವರ್ಷದಿಂದ ಬರೀ ಕನ್ನಡದ್ದು ಬರೀತಿದ್ರು. ಅದನ್ನ ಯಾರು ಬೇಕಾದ್ರೂ ಬರೀತಾರೆ.”

“ಯಾಕ ಬಿಟ್ಟ?”

“ಕೇಳಿದ್ರೆ ನಕ್ಕು ಬೇರೆ ಮಾತು ತೆಗೆಯೋರು.”

ಬಾಗಿಲ ಬಳಿ ಕೂತಿದ್ದ ನೀಲಾಂಬಿಕಳಿಗೆ ಎಲ್ಲವೂ ಕೇಳಿಸಿತು. ಅವಳಿಗೂ ಗೊತ್ತಿರಲಿಲ್ಲ.

* * *

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಪಂಚಾಕ್ಷರಪ್ಪ ಊಟ ಮುಗಿಸಿ, ಇಂಗ್ಲಿಷ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನೀಲಾಂಬಿಕ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

“ಗ್ರೋ ಅಂತ ಒಂದು ಮಾತಿದೆ ಕಣೇ. ಕೂಸು ಬೆಳೀತು, ಅದಕ್ಕೂ ಗ್ರೋ. ಕೂದಲು ಬೆಳೀತು, ಅದಕ್ಕೂ ಅದೇ. ಮುಪ್ಪಾಯ್ತು, ಕತ್ತಲಾಯ್ತು, ಎಲ್ಲಕ್ಕೂ ಅದೇ.”

“ಒಂದು ಮಾತು ಕಲಿತ್ರೆ ಇಷ್ಟೆಲ್ಲ ಆಗೋದಾದ್ರೆ ಒಳ್ಳೇದೇ ಅಲ್ವಾ?”

“ಅದೇ ತೊಂದರೆ.” ಅವರು ಹಾಳೆ ತಿರುವಿದರು. “ಇನ್‌ಕ್ರೀಸ್ ಅಂದ್ರೆ ಹೆಚ್ಚೋದು. ರೈಸ್ ಅಂದ್ರೆ ಎಬ್ಬಿಸೋದು, ಸಾಕೋದು, ಬೆಳೆ ತೆಗೆಯೋದು. ಕಲ್ಟಿವೇಟ್ ಅಂದ್ರೆ ಉತ್ತು ಬಿತ್ತೋದು. ಅಲ್ಲಿ ಒಬ್ಬರು ಮಾಡೋರು ಇರಬೇಕು. ತಾನಾಗೇ ಆಗೋದಲ್ಲ.”

“ಅಷ್ಟು ತಿಳಿದೋರು ಇಂಗ್ಲಿಷ್ ಬರೆಯೋದನ್ನ ಯಾಕೆ ಬಿಟ್ರಿ? ಸೋಮಾರಿತನ ನಿಮಗೆ.”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. “ಹೌದು ಕಣೇ” ಎಂದರು.

ಆಮೇಲೆ ಸೋಮಾರಿ ಎಂಬ ಆ ಮಾತನ್ನು ಅವಳು ಎಷ್ಟೋ ಸಲ ಆಡಿದ್ದಳು, ನೆಂಟರ ಎದುರಿಗೂ.

* * *

ಶವ ಕೂರಿಸಿ ಒಯ್ಯುವ ಹೂವಿನ ವಿಮಾನ ಕಟ್ಟಿ ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸು ಬೇಲಿಯ ಹತ್ತಿರ ಬಂದು ನಿಂತಳು. ಮೊಣಕಾಲವರೆಗೆ ಧೂಳು. ಉಸಿರು ಇನ್ನೂ ತಹಬಂದಿಗೆ ಬಂದಿರಲಿಲ್ಲ.

“ಯಾರಮ್ಮ ನೀನು?” ಚಂದ್ರಶೇಖರಪ್ಪ ಕೇಳಿದ.

“ಕುಪ್ಪಗಡ್ಡೆ ಹುಲಿಯಮ್ಮ. ಅಪ್ಪೋರು ನನ್ನ ಗದ್ದೆ ಅರ್ಜಿ ಬರ್ದಿದ್ರು.”

“ಬರ್ದೋರು ಸಾವಿರ ಜನಕ್ಕೆ ಬರ್ದಾರವ್ವ.”

“ನಂಗೆ ಎರಡು ಸಲ ಬರ್ದ್ರು.”

ನೀಲಾಂಬಿಕ ಎದ್ದು ಬಂದು ಅವಳನ್ನು ಕೊಟ್ಟಿಗೆಯ ನೆರಳಿಗೆ ಕರೆದು ನೀರು ಕೊಟ್ಟಳು. ಹುಲಿಯಮ್ಮ ಕುಡಿದು, ಬಾಯೊರೆಸಿಕೊಂಡು ಹೇಳಿದಳು.

“ನನ್ನ ಯಜಮಾನ್ರು ಸತ್ತಮೇಲೆ ಮೈದುನ ಜಯಪ್ಪ ಗದ್ದೆ ತಾನೇ ಮಾಡೋದು ಅಂತ ಅರ್ಜಿ ಕೊಟ್ಟ. ನಾನು ಅಪ್ಪೋರ ಹತ್ರ ಬಂದು, ವರ್ಷಾ ವರ್ಷಾ ಭತ್ತ ಬೆಳೀತೀನಿ ಅಂತ ಹೇಳಿ ಇಂಗ್ಲಿಷಿನಾಗೆ ಬರೆಸಿದೆ. ಸಾಗರದಾಗೆ ಸಾಹೇಬ್ರು ಅದನ್ನ ಓದಿ, ಈ ಗದ್ದೇಲಿ ಭತ್ತ ಬೆಳೀತದೆ ಅಂತ ಐತೆ, ಯಾರು ಬೆಳೀತಾರೆ ಅಂತ ಇಲ್ವಲ್ಲ ಅಂದ್ರಂತೆ. ಗದ್ದೆ ಜಯಪ್ಪನ ಹೆಸರಿಗೆ ಹೋತು. ಎರಡು ವರ್ಷ ನನ್ನ ಗದ್ದೇಲೇ ನಾನು ಕೂಲಿ ಮಾಡಿದೆ ಅಮ್ಮ.”

ನೀಲಾಂಬಿಕ ಚೊಂಬನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

“ಆಮೇಲೆ ಬಂದು ಕೇಳಿದೆ. ನಾನು ಹೇಳಿದ್ದೊಂದು, ನೀವೇನು ಬರ್ದ್ರಿ ಅಂತ. ನಕಲು ಹುಡುಕಿ ಓದಿದ್ರು. ತಪ್ಪು ನಂದೇ ಕಣಮ್ಮ ಅಂದ್ರು. ಮಾರನೇ ದಿನ ಹೊಸದಾಗಿ ಬರ್ದು, ನನ್ನ ಕರ್ಕೊಂಡು ಸಾಗರಕ್ಕೆ ಬಂದ್ರು. ವಕೀಲ್ರು, ಗುಮಾಸ್ತರು ತುಂಬಿರೋ ಜಾಗದಾಗೆ ಕೈ ಮುಗಿದು, ಸ್ವಾಮಿ, ಈಕೆ ಸರಿಯಾಗೇ ಹೇಳಿದ್ಲು, ನನಗೆ ಇಂಗ್ಲಿಷ್ ಬರಲಿಲ್ಲ ಅಂದ್ರು. ಹಿಂದೆ ಯಾರೋ ನಕ್ಕರು. ಇವರು ಕೈ ಇಳಿಸಲಿಲ್ಲ.”

“ಗದ್ದೆ ಬಂತಾ?”

“ಮುಂದಿನ ಸುಗ್ಗೀಗೆ ಬಂತು.” ಹುಲಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ವಾಪಸ್ ಬರೋವಾಗ ಬಸ್ಸಿನಾಗೆ ಒಂದೇ ಮಾತು ಆಡಿದ್ರು. ಹುಲಿಯಮ್ಮ, ನೀನು ಬಂದು ಕೇಳಿದೆ, ಕೇಳದೇ ಹೋದೋರು ಎಷ್ಟು ಜನ ಇದ್ದಾರೋ ಅಂದ್ರು.”

ಅಂಗಳದಲ್ಲಿ ಗಂಟೆ ಬಾರಿಸಿದರು. ವಿಮಾನ ಎತ್ತುವ ಹೊತ್ತು.

ನೀಲಾಂಬಿಕಳಿಗೆ ಅಳು ಬರಲಿಲ್ಲ. ಸೋಮಾರಿ ಎಂದು ತಾನು ಯಾರ ಯಾರ ಎದುರಿಗೆ ಅಂದಿದ್ದೆ ಎಂದು ನೆನೆಸಿಕೊಳ್ಳಲು ನೋಡಿದಳು. ಒಬ್ಬೊಬ್ಬರೇ ನೆನಪಾದರು. ಅವರಲ್ಲಿ ಮುಕ್ಕಾಲು ಪಾಲು ಜನ ಈಗ ಅಂಗಳದಲ್ಲೇ ಇದ್ದರು.

“ನಡಿ” ಎಂದಳು ಹುಲಿಯಮ್ಮನಿಗೆ. “ನನ್ನ ಜೊತೆ ಬಾ.”

* * *

ಸಮಾಧಿಯ ಗೂಡಿನಲ್ಲಿ ಅವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿದ್ದಾಯಿತು. ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿ ಸರಿದರು. ಮಳೆ ಕಂಡು ನಾಲ್ಕು ತಿಂಗಳಾಗಿದ್ದ ನೆಲ. ಅಗೆದ ಮಣ್ಣೆಲ್ಲ ಗಟ್ಟಿ ಹೆಂಟೆ. ಬಿದ್ದಾಗಲೆಲ್ಲ ದಪ್ ದಪ್ ಸದ್ದಾಗುತ್ತಿತ್ತು.

ಹುಲಿಯಮ್ಮನ ಸರದಿ ಬಂತು. ಅವಳು ಒಂದು ಹೆಂಟೆ ಎತ್ತಿಕೊಂಡಳು, ಹಾಕಲಿಲ್ಲ. ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, ಸಸಿ ಮಡಿಗೆ ಮಣ್ಣು ಹದ ಮಾಡುವ ಹಾಗೆ ಎರಡೂ ಅಂಗೈ ನಡುವೆ ಅದನ್ನು ಹಿಸುಕಿ ಪುಡಿ ಮಾಡಿದಳು. ಬೆರಳ ಸಂದಿಯಿಂದ ಮಣ್ಣು ಸದ್ದಿಲ್ಲದೆ ಇಳಿಯಿತು. ಇನ್ನೊಂದನ್ನು ಎತ್ತಿಕೊಂಡಳು.

“ಹೊತ್ತಾಗ್ತದವ್ವ, ಏಳು” ಎಂದ ಚಂದ್ರಶೇಖರಪ್ಪ, ಗುದ್ದಲಿ ಹಿಡಿದವರ ಕಡೆ ಕೈಮಾಡುತ್ತ.

“ತಡೀರಿ” ಎಂದಳು ನೀಲಾಂಬಿಕ. ಹುಲಿಯಮ್ಮನ ಪಕ್ಕದಲ್ಲಿ ಕೂತು ತಾನೂ ಒಂದು ಹೆಂಟೆ ತೆಗೆದುಕೊಂಡಳು. ಅದು ಅವಳ ಕೈಯಲ್ಲಿ ಒಡೆಯಲಿಲ್ಲ. ಹುಲಿಯಮ್ಮ ಅದನ್ನು ಇಸಿದುಕೊಂಡು ಮುರಿದು, ಅರ್ಧವನ್ನು ಮತ್ತೆ ಅವಳ ಅಂಗೈಯಲ್ಲಿಟ್ಟಳು.