ಖಾಲಿ ಬಿಡುವ ಹಾಗಿಲ್ಲದ ಕಾಲಂ

ಟಿವಿಯಲ್ಲಿ ಇಬ್ಬರು ನಾಯಕರು ಜುಟ್ಟು ಹಿಡಿದುಕೊಳ್ಳುವುದೊಂದೇ ಬಾಕಿ.

"ಊರಲ್ಲಿ ನೂರು ಜನಕ್ಕೆ ಸೋಂಕು ಬಂದ್ರೆ ಅದ್ರಲ್ಲಿ ಅರವತ್ತೆರಡು ಮಾರ್ಕೆಟ್‌ನಿಂದಾನೇ! ಆ ವ್ಯಾಪಾರಿಗಳಿಗೆ ಶಿಸ್ತು ಅನ್ನೋದೇ ಇಲ್ಲ" ಎಂದರು ಅಧಿಕಾರದಲ್ಲಿದ್ದವರು.

"ಅರವತ್ತೆರಡು ಆಗೋವರೆಗೂ ಮಾರ್ಕೆಟ್ ಮುಚ್ಚದೆ ಗೊರಕೆ ಹೊಡೀತಿದ್ದೋರು ಯಾರು ಸ್ವಾಮಿ?" ಎಂದರು ವಿರೋಧದವರು.

ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂಬುದರಲ್ಲೂ ಒಂದಾಗದ ಇಬ್ಬರು, ಆ ಅರವತ್ತೆರಡನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಿದ್ದರು. ಗೋಡೆಗೆ ಒರಗಿ ಊಟ ಮಾಡುತ್ತಾ ಟಿವಿ ನೋಡುತ್ತಿದ್ದ ಫೋನ್ ಹುಡುಗಿ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಆ ಅರವತ್ತೆರಡು ಎಲ್ಲಿ ಹುಟ್ಟಿದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಬೆರಳ ತುದಿಯಲ್ಲಿ.

ಆರೋಗ್ಯ ಕಚೇರಿಯ ಎರಡನೇ ಮಹಡಿಯಲ್ಲಿ ಅವಳ ಕೆಲಸ. ಸೋಂಕು ಬಂದವರಿಗೆ ಫೋನ್ ಮಾಡುವುದು, ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿ ಕಂಪ್ಯೂಟರಿಗೆ ತುಂಬುವುದು. ಅದಕ್ಕೇ ಫೋನ್ ಹುಡುಗಿ ಎಂದು ಹೆಸರು ಬಿದ್ದಿತ್ತು. ಕೊನೆಯ ಕಾಲಂ 'ಸೋಂಕು ಎಲ್ಲಿಂದ'. ಅದನ್ನು ಖಾಲಿ ಬಿಟ್ಟರೆ ಕಂಪ್ಯೂಟರ್ ಕೆಂಪಗಾಗಿ ಇಡೀ ಸಾಲನ್ನೇ ನುಂಗಿಬಿಡುತ್ತಿತ್ತು. ಅಲ್ಲಿ ಒತ್ತಿದರೆ ಒಂದು ಪಟ್ಟಿ ಇಳಿಯುತ್ತಿತ್ತು: ಮಾರುಕಟ್ಟೆ, ಕೆಲಸದ ಜಾಗ, ಪ್ರಯಾಣ, ಮದುವೆ, ಮನೆಯವರು. 'ಗೊತ್ತಿಲ್ಲ' ಎನ್ನುವುದು ಇರಲಿಲ್ಲ. ರಾಜಕೀಯ ಸಭೆ ಎನ್ನುವುದಂತೂ ಇರಲೇ ಇಲ್ಲ.

ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೇಳುತ್ತಿದ್ದುದು ಒಂದೇ ಮಾತು: "ಯಾರಿಗ್ಗೊತ್ತಮ್ಮ?" ಮಧ್ಯಾಹ್ನದೊಳಗೆ ಅರವತ್ತು ಸಾಲು ಮುಗಿಯಬೇಕು, ಆ ಕಡೆ ಕೆಮ್ಮುತ್ತಿರುವವರನ್ನು ಎಷ್ಟು ಕಾಯಿಸುವುದು? ಪಟ್ಟಿಯಲ್ಲಿ ಮೊದಲು ಸಿಗುವುದನ್ನು ಒತ್ತಿ ಮುಂದಿನ ನಂಬರಿಗೆ ಹೋಗುತ್ತಿದ್ದಳು. ಪಕ್ಕದ ಮೇಜಿನ ಇಬ್ಬರದ್ದೂ ಅದೇ ಕಥೆ. ಆ ಕಾಲಂ ಅನ್ನು ಯಾರಾದರೂ ಓದುತ್ತಾರೆ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಓದಿದ್ದರು. ಮಾರ್ಕೆಟ್ಟಿಗೆ ಬೀಗ ಬಿತ್ತು. ಅಲ್ಲಿ ಇಪ್ಪತ್ತು ವರ್ಷದಿಂದ ಈರುಳ್ಳಿ ಮಾರುತ್ತಿದ್ದ ಅವಳ ಚಿಕ್ಕಮ್ಮ ಮನೆ ಸೇರಿದಳು. ಬೀದಿಯಲ್ಲಿ ನೀರು ಹಿಡಿಯಲು ಹೋದರೆ, ಮಾಸ್ಕನ್ನು ಗಡ್ಡಕ್ಕೆ ಕಟ್ಟಿಕೊಂಡು ಗುಂಪಾಗಿ ಹರಟುತ್ತಿದ್ದವರೇ "ಅಯ್ಯೋ, ಮಾರ್ಕೆಟ್‌ನೋಳು ಬಂದ್ಲು, ದೂರ ದೂರ!" ಎಂದು ಚದುರುತ್ತಿದ್ದರು. ಅದನ್ನೆಲ್ಲ ಚಿಕ್ಕಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳನ್ನು ತಿನ್ನುತ್ತಿದ್ದುದು ಬೇರೆ.

ಎದುರುಮನೆಯ ಟೈಲರ್ ಮಾವ ಸೋಂಕಿನಿಂದ ತೀರಿಕೊಂಡು ಒಂಬತ್ತು ದಿನವಾಗಿತ್ತು.

"ನಾನೇ ಕಣೇ ಕೊಂದಿದ್ದು" ಎಂದಳು ಚಿಕ್ಕಮ್ಮ ಟಿವಿ ಆರಿಸಿ. "ದಿನಾ ಸಂಜೆ ಅಂಗಡೀಲಿ ಉಳಿದಿದ್ದು ಬಳಿದಿದ್ದು ಅವ್ರ ಬಾಗಿಲಿಗೆ ಇಟ್ ಬರ್ತಿದ್ನಲ್ಲ. ಅದ್ರ ಜೊತೆ ಇದನ್ನೂ ಕೊಟ್ಟೆ."

"ಸುಮ್ನಿರು ಚಿಕ್ಕಮ್ಮ. ನಿಂಗೆ ಒಂದು ಸೀನೂ ಬಂದಿಲ್ಲ."

"ಬರ್ದೇನೇ ಹರಡತ್ತಂತೆ. ಟಿವಿಲಿ ಹೇಳಲ್ವಾ? ಅವ್ರ ಹೆಂಡ್ತಿ ನನ್ನ ಮುಖ ನೋಡಿದ್ರೆ ಬಾಗಿಲು ಹಾಕ್ಕೋತಾಳೆ. ಹಾಕ್ಕೊಳ್ದೆ ಇನ್ನೇನು ಮಾಡ್ತಾಳೆ?"

ಟೈಲರ್ ಮಾವನ ಸಾಲನ್ನು ತುಂಬಿದ್ದು ಫೋನ್ ಹುಡುಗಿಯೇ. ಅವರು ಉಸಿರು ಎಳೆದೆಳೆದು ಹೇಳಿದ್ದು ಅವಳಿಗೆ ಅಕ್ಷರಶಃ ನೆನಪಿತ್ತು: "ಎರಡೂ ಪಾರ್ಟಿ ಸಭೆಗೂ ಹೋಗಿದ್ದೆ ಮಗಾ, ಬಾವುಟ ಹೊಲ್ದು ಕೊಟ್ಟಿದ್ನಲ್ಲ, ಕರೆದ್ರು. ಬ್ಯಾಂಕಿಗೂ ಹೋಗಿದ್ದೆ. ಎಲ್ಲಿಂದ ಅಂತ ಹೇಳ್ಲಿ? ಗೊತ್ತಿಲ್ಲ." ಅವಳು "ಹುಷಾರು ಮಾವ" ಎಂದು ಹೇಳಿ, ಮಾರುಕಟ್ಟೆ ಒತ್ತಿದ್ದಳು.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಸಾಹೇಬರು ಕೆಟ್ಟವರಲ್ಲ, ಆದರೆ ಮೂರು ವಾರದಿಂದ ಸರಿಯಾಗಿ ಮನೆ ಕಂಡವರೂ ಅಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಈಗ ಹೇಳ್ತಿದೀಯಲ್ಲಮ್ಮ! ಆ ನಂಬರ್ ಹಿಡ್ಕೊಂಡು ಇಬ್ರೂ ಊರೆಲ್ಲ ಕೂಗಾಡಿ ಆಗಿದೆ. ಈಗ ಅದು ಸುಳ್ಳು ಅಂದ್ರೆ ಮೊದಲ ಸಲ ಇಬ್ರೂ ಒಂದಾಗ್ತಾರೆ. ನಮ್ಮನ್ನ ಬೈಯೋಕೆ."

"ಬೈಲಿ ಸರ್."

"ಬೈಲಿ ಅಂತೆ! ಸರಿ, ಆಧಾರ ತಗೊಂಡ್ ಬಾ. 'ಗೊತ್ತಿಲ್ಲ' ಅಂದೋರಲ್ಲಿ ನಿಂಗೆ ನೆನಪಿರೋರಿಗೆಲ್ಲ ಇನ್ನೊಂದು ಸಲ ಫೋನ್ ಮಾಡು. ಅದನ್ನೇ ಹೇಳಿದ್ರೆ ನಾನೇ ಮೇಲಕ್ಕೆ ಕಳಿಸ್ತೀನಿ."

ಅವಳಿಗೆ ರೆಕ್ಕೆ ಬಂದಂತಾಯಿತು. ಫೋನ್ ಹಿಡಿದು ಕೂತಳು. ಮೊದಲನೆಯವರು ನಿವೃತ್ತ ಮೇಷ್ಟ್ರು. ಅಂದು "ದೇವರಿಗೇ ಗೊತ್ತು" ಎಂದಿದ್ದವರು.

"ಎಲ್ಲಿಂದ ಅಂದ್ರೆ? ಮಾರ್ಕೆಟ್‌ನಿಂದ ತಾನೆ!"

"ಸರ್, ನೀವು ಮಾರ್ಕೆಟ್‌ಗೆ ಹೋಗಿದ್ರಾ?"

"ನಾನು ಹೋಗಲ್ಲ. ಹೋದೋರು ಯಾರೋ ನಮ್ಮ ಬೀದಿಲಿ ಓಡಾಡಿರ್ತಾರೆ. ಟಿವಿ ನೋಡಲ್ವೇನಮ್ಮ ನೀನು?"

ಎರಡನೆಯವರು, ಮೂರನೆಯವರು, ಹತ್ತನೆಯವರು. ತಮ್ಮ ಬಾಯಿಂದಲೇ ಗೊತ್ತಿಲ್ಲ ಎಂದಿದ್ದವರೆಲ್ಲ ಈಗ ಕಣ್ಣಾರೆ ಕಂಡವರ ಹಾಗೆ ಮಾರ್ಕೆಟ್ ಎನ್ನುತ್ತಿದ್ದರು. ಒಬ್ಬಾಕೆಯಂತೂ ಯಾವ ಅಂಗಡಿ ಎಂಬುದನ್ನೂ ಹೇಳಿದಳು. ನಲವತ್ತು ಜನಕ್ಕೆ ಫೋನ್ ಮಾಡಿದ ಮೇಲೆ ಅವಳ ಕೈಯಲ್ಲಿ ಉಳಿದದ್ದು ಮೂರೇ ಮೂರು 'ಗೊತ್ತಿಲ್ಲ'.

ಸಾಹೇಬರು ಹಾಳೆ ನೋಡಿ ನಗಲೂ ಆಗದೆ ಅಳಲೂ ಆಗದೆ ಹೇಳಿದರು, "ಅವತ್ತು ನೀನು ಬರೆದಿದ್ದು ಇವತ್ತು ನಿಜ ಆಗೋಯ್ತಲ್ಲಮ್ಮ. ಬಿಟ್ಬಿಡು."

ಅವಳು ಬಿಡಲಿಲ್ಲ. ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು, ಕೆಳಗೆ ತನ್ನ ಹೆಸರು ಹಾಕಿ ಅವರ ಮೇಜಿನ ಮೇಲಿಟ್ಟಳು. ಸಾಹೇಬರು ಅದನ್ನು ಹರಿಯಲಿಲ್ಲ. ಮೇಲಕ್ಕೆ ಕಳಿಸುತ್ತೇನೆ ಎಂದೂ ಹೇಳಲಿಲ್ಲ. ಮಗುಚಿಟ್ಟು ಬೇರೆ ಕಡತ ಎಳೆದುಕೊಂಡರು.

ಸಂಜೆ ಚಿಕ್ಕಮ್ಮನ ಮುಂದೆ ಕೂತು ಹೇಳಿದಾಗ, ಎದೆ ಹಗುರವಾಗಿ ಅವಳು ತನ್ನ ತಲೆ ಸವರುತ್ತಾಳೆ ಎಂದುಕೊಂಡಿದ್ದಳು. ಚಿಕ್ಕಮ್ಮ ಎದ್ದು ನಿಂತಳು.

"ಗೊತ್ತಿಲ್ಲ ಅಂದೋರ ಬಾಯಿಗೆ ಮಾತು ತುರುಕೋಕೆ ನಿಂಗೆ ಯಾರೇ ಹೇಳಿದ್ದು?"

"ಕಂಪ್ಯೂಟರ್ ತಗೋತಿರ್ಲಿಲ್ಲ ಚಿಕ್ಕಮ್ಮ..."

"ಕಂಪ್ಯೂಟರ್‌ಗೆ ನಾಲಿಗೆ ಇಲ್ಲ, ನಿಂಗೂ ಇರ್ಲಿಲ್ವಾ? ಒಂಬತ್ತು ದಿನ ನಾನು ಅನ್ನ ಹೇಗೆ ನುಂಗಿದೀನಿ ಅಂತ ಗೊತ್ತೇನೇ? ಏಳು. ಮಾಸ್ಕ್ ಹಾಕ್ಕೋ. ನನ್ನ ಹತ್ರ ಹೇಳಿ ಏನು ಬಂತು? ಹೇಳ್ಬೇಕಾದೋರು ಎದುರಿಗಿದಾರೆ."

ಎದುರುಮನೆಯ ಬಾಗಿಲು ಅರ್ಧ ತೆರೆಯಿತು. ಟೈಲರ್ ಮಾವನ ಹೆಂಡತಿ, ಹುಡುಗಿಯ ಬಾಯಲ್ಲಿ ಅತ್ತೆ, ಚಿಕ್ಕಮ್ಮನನ್ನು ಕಂಡು ಮುಚ್ಚಲು ಹೊರಟವರು, ಹುಡುಗಿಯ ಮುಖ ನೋಡಿ ತಡೆದರು. ಹುಡುಗಿ ಮೆಟ್ಟಿಲ ಕೆಳಗೇ ನಿಂತು, ಮಾವ ಗೊತ್ತಿಲ್ಲ ಎಂದದ್ದನ್ನೂ ತಾನು ಮಾರುಕಟ್ಟೆ ಒತ್ತಿದ್ದನ್ನೂ ಹೇಳಿದಳು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಅವಳು ದನಿ ತಗ್ಗಿಸಲಿಲ್ಲ.

ಮುಗಿದ ಮೇಲೆ ಅತ್ತೆ ಬಾಗಿಲ ಚಿಲಕ ಹಿಡಿದುಕೊಂಡೇ ಕೇಳಿದರು.

"ಹಂಗಾದ್ರೆ ಎಲ್ಲಿಂದ ಬಂತು?"

"ಗೊತ್ತಿಲ್ಲ ಅತ್ತೆ. ಯಾರಿಗೂ ಗೊತ್ತಿಲ್ಲ."

"ಇಷ್ಟು ದಿನ ಇವಳನ್ನ ಮನಸ್ಸಲ್ಲೇ ಬೈಕೊಂಡು ಕಾಲ ಹಾಕ್ದೆ. ಅದೊಂದಿತ್ತು ನಂಗೆ. ಅದನ್ನೂ ಕಿತ್ಕೊಂಡ್ಯಲ್ಲೇ. ಇನ್ಮೇಲೆ ಯಾರನ್ನ ಬೈಲಿ?"

"ನನ್ನ ಬೈರಿ ಅತ್ತೆ."

ಅತ್ತೆ ಬೈದರು. ಮೊದಲು ಮೆಲ್ಲಗೆ, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ. ಅವಳನ್ನು, ಅವಳ ಕಚೇರಿಯನ್ನು, ಸಭೆಗೆ ಕರೆದ ಎರಡೂ ಪಾರ್ಟಿಯವರನ್ನು, ಬೇಡವೆಂದರೂ ಹೋದ ಗಂಡನನ್ನು. ಹುಡುಗಿ ತಲೆ ತಗ್ಗಿಸಲಿಲ್ಲ, ಅಲ್ಲಾಡಲೂ ಇಲ್ಲ. ಮಾತು ಅಳುವಿಗೆ ತಿರುಗಿದಾಗ ಚಿಕ್ಕಮ್ಮ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟು, ಸೋಂಕಿನ ನೆನಪಾಗಿ ಹಿಂದೆ ಸರಿದು, ದೂರದ ಕೊನೆಯ ಮೆಟ್ಟಿಲ ಮೇಲೆ ಕೂತಳು.

ಅತ್ತೆ ಬಾಗಿಲು ಹಾಕಿಕೊಳ್ಳಲಿಲ್ಲ.