ಬಿಸಿಲು ಬೀಳದ ಕಿಟಕಿ

ಸ್ಟೇಸಿ ಕುರ್ಚಿ ಹತ್ತಿ, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು, ಮಗನ ಹಾಸಿಗೆಯ ಹೊದಿಕೆಯನ್ನು ಮುಂಗೋಣೆಯ ಕಿಟಕಿಗೆ ಬಡಿಯುತ್ತಿದ್ದಳು. ಬೀದಿಯ ಉಳಿದೆಲ್ಲ ಮನೆಗಳಲ್ಲಿ ಪರದೆ ಎಳೆದಾಗಿತ್ತು. ಶವದ ಕಾರು ಬರುವ ಹೊತ್ತಿಗೆ ಯಾರ ಕಿಟಕಿಯೂ ತೆರೆದಿರಬಾರದು, ಅದು ಸತ್ತವರಿಗೆ ಬೀದಿ ಸಲ್ಲಿಸುವ ಮರ್ಯಾದೆ. ಇವಳ ಮನೆಯಲ್ಲಿ ಎಳೆಯಲು ಪರದೆಯೇ ಇರಲಿಲ್ಲ. ಇದ್ದದ್ದು ಪ್ಲಾಸ್ಟಿಕ್ ಪಟ್ಟಿಗಳು, ಅವುಗಳಲ್ಲೂ ಅರ್ಧವನ್ನು ಮಕ್ಕಳು ಮುರಿದು ಹಾಕಿದ್ದರು.

ಎದುರು ಮನೆಯ ನೋರಾ ಕೋಲೂರಿಕೊಂಡು ಬಂದು ಬಾಗಿಲಲ್ಲೇ ನಿಂತಳು.

"ಅದೇನೇ ಅದು? ಡೈನೋಸಾರಾ?"

"ಚಿತ್ರ ಒಳಗಡೆಗೆ ಬರೋ ಹಾಗೆ ತಿರುಗಿಸಿದೀನಿ ನೋರಾ."

"ಹೊರಗಡೆಯಿಂದ ಬಾಲ, ಹಲ್ಲು ಎಲ್ಲಾ ಕಾಣ್ತಿದೆ ತಾಯಿ. ಗ್ಲೆಂಡಾ ಇದೇ ಕಿಟಕೀಗೆ ಎಂಥಾ ಪರದೆ ಹಾಕಿದ್ಲು! ಪ್ರತಿ ಹಬ್ಬಕ್ಕೂ ಒಗೆದು ಇಸ್ತ್ರಿ ಮಾಡೋಳು."

ಸ್ಟೇಸಿ ಮೊಳೆ ಹೊಡೆಯುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಗ್ಲೆಂಡಾ ಹೀಗೆ, ಗ್ಲೆಂಡಾ ಹಾಗೆ. ನಾಲ್ಕು ವರ್ಷಗಳಿಂದ ಈ ಮನೆಯ ಬಾಡಿಗೆ ಕಟ್ಟುತ್ತಿರುವುದು ತಾನಾದರೂ ಬೀದಿಯ ಬಾಯಲ್ಲಿ ಇದು ಇನ್ನೂ ಗ್ಲೆಂಡಾಳ ಮನೆಯೇ. ಇವತ್ತು ಅವಳ ಮಗ ಕ್ರೇಗ್ ಬೇರೆ, ಅಮ್ಮನ ಶವದ ಕಾರನ್ನು ಈ ಬಾಗಿಲ ಮುಂದೆ ಎರಡು ನಿಮಿಷ ನಿಲ್ಲಿಸುತ್ತೇನೆಂದು ಹೇಳಿ ಕಳಿಸಿದ್ದ. ಬೇಡ ಎನ್ನುವುದಕ್ಕೆ ಬಾಯಿ ಬರುತ್ತದೆಯೇ?

"ಹಿತ್ತಲಿಗೂ ಬರ್ತಾನಂತಾ?" ಸ್ಟೇಸಿ ಆದಷ್ಟೂ ಸಹಜವಾಗಿ ಕೇಳಿದಳು.

"ಹಿತ್ತಲಲ್ಲಿ ಅವನಿಗೇನು ಕೆಲಸ?" ಎಂದಳು ನೋರಾ. ಅವಳಿಗೆ ಗೊತ್ತಿರಲಿಲ್ಲ. ಈ ಬೀದಿಯಲ್ಲಿ ಗೊತ್ತಿದ್ದವಳು ಸ್ಟೇಸಿ ಒಬ್ಬಳೇ.

ಕಾರು ಬಂತು. ಮುಂದೆ ಕರಿ ಕೋಟು, ಎತ್ತರದ ಟೋಪಿ ಹಾಕಿದ ಮನುಷ್ಯ ನಿಧಾನವಾಗಿ ನಡೆದುಬಂದು, ಬಾಗಿಲ ಎದುರು ನಿಂತು, ಟೋಪಿ ತೆಗೆದು, ಮನೆಗೆ ತಲೆ ಬಾಗಿಸಿದ. ಹೊಸ್ತಿಲ ಮೇಲೆ ನಿಂತಿದ್ದವಳು ಸ್ಟೇಸಿ. ಬಾಗಿದ್ದು ಮನೆಗೆ, ತನಗಲ್ಲ ಎಂದು ಗೊತ್ತಿದ್ದರೂ ಅವಳ ಕಿವಿ ಕಾದುಹೋಯಿತು. ಹಿಂದಿನ ಕಾರಿನ ಗಾಜಿನೊಳಗಿಂದ ಕ್ರೇಗ್ ಅವಳ ಕಡೆ ಕೈಯೆತ್ತಿ ನಕ್ಕ. ಅಳುತ್ತಿದ್ದವನು ಅವಳನ್ನು ನೋಡಿ ನಕ್ಕ. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಸ್ಟೇಸಿಗೆ.

*

ಗ್ಲೆಂಡಾಳಿಗೆ ಐದು ವರ್ಷಗಳ ಹಿಂದೆ ಐವತ್ತೊಂಬತ್ತು. ಗಂಡ ಕೆನ್ ತೀರಿಹೋಗಿದ್ದ, ಮಗ ಸ್ಕಾಟ್ಲೆಂಡಿನಲ್ಲಿ ಬಂದರಿನ ಕೆಲಸ ಹಿಡಿದಿದ್ದ. ಮಂಡಿ ಕೈಕೊಟ್ಟಮೇಲೆ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸವೂ ಅರ್ಧಕ್ಕೆ ಇಳಿದಿತ್ತು. ಬಾಡಿಗೆಯ ಬಹುಪಾಲು ಸರ್ಕಾರದ ನೆರವಿನಿಂದ ನಡೆಯುತ್ತಿತ್ತು. ಆಗಲೇ ಹೊಸ ನಿಯಮ ಬಂದದ್ದು: ಮನೆಯಲ್ಲಿ ಯಾರೂ ಮಲಗದ ಕೋಣೆ ಇದ್ದರೆ ನೆರವಿಗೆ ಕತ್ತರಿ. ಜನ ಅದನ್ನು ಕೋಣೆ ತೆರಿಗೆ ಎಂದು ಕರೆದರು. ಗ್ಲೆಂಡಾಳ ಮನೆಯಲ್ಲಿ ಅಂಥ ಕೋಣೆ ಎರಡಿದ್ದವು.

"ಖಾಲಿ ಗಾಳಿಗೂ ದುಡ್ಡು ಕೇಳ್ತಾರಲ್ಲೇ!" ಎಂದು ನೋರಾ ಬೀದಿಗೆಲ್ಲ ಕೇಳುವ ಹಾಗೆ ಬೈದಿದ್ದಳು. "ನಾನು ಮುದುಕಿ ಅಂತ ನನ್ನ ಬಿಟ್ಟಿದಾರೆ. ನೀನೂ ಬೇಗ ಮುದುಕಿ ಆಗ್ಬಿಡೇ."

"ಅದಕ್ಕೂ ಸರ್ಕಾರ ಹೇಳಿದ ವಯಸ್ಸೇ ಆಗ್ಬೇಕಂತೆ" ಎಂದಿದ್ದಳು ಗ್ಲೆಂಡಾ.

ಒಂದು ಚಳಿಗಾಲ ಅವಳು ಹೇಗೋ ತಳ್ಳಿದಳು. ಮನೆ ಬೆಚ್ಚಗಿಡುವುದನ್ನು ನಿಲ್ಲಿಸಿ, ಅಡುಗೆಮನೆಯಲ್ಲೇ ಕೋಟು ಹಾಕಿಕೊಂಡು ಕೂತಳು. ಮಗನ ಕೋಣೆಗೆ ಒಬ್ಬನನ್ನು ಸೇರಿಸಿಕೊಂಡಳು. ಅವನು ಎರಡು ತಿಂಗಳು ಉಂಡು, ಟೀವಿ ಸಮೇತ ಮಾಯವಾದ. ಪೊಲೀಸರಿಗೆ ಹೇಳು ಎಂದರೆ, ಮನೆಯಲ್ಲಿ ಗುರುತಿಲ್ಲದ ಗಂಡಸನ್ನು ಇಟ್ಟುಕೊಂಡಿದ್ದೆ ಎಂದು ಯಾರ ಮುಂದೆ ಹೇಳಲಿ ಎಂದು ತಲೆ ತಗ್ಗಿಸಿದಳು.

ಆಗ ಸಿಕ್ಕವಳು ಸ್ಟೇಸಿ. ಬೀದಿಯ ಹಿಂದಿನ ಕಟ್ಟಡದ ಮೂರನೇ ಮಹಡಿ, ಒಂದೇ ಮಲಗುವ ಕೋಣೆ, ಅದರಲ್ಲಿ ಗಂಡ ಹೆಂಡತಿ, ಮೂರು ಮಕ್ಕಳು, ಗೋಡೆಗೆಲ್ಲ ಬೂಷ್ಟು. ಎರಡೂ ನಗರಸಭೆಯ ಮನೆಗಳು, ಬಾಡಿಗೆದಾರರು ಒಪ್ಪಿದರೆ ಅದಲುಬದಲು ಮಾಡಿಕೊಳ್ಳಬಹುದಿತ್ತು. ಗ್ಲೆಂಡಾ ನೋಡಲು ಬಂದಳು. ಮೆಟ್ಟಿಲು ಹತ್ತಿ ಬಂದವಳಿಗೆ ಏದುಸಿರು. ಚಿಕ್ಕ ಮಗು ಒಳಗೆ ಕೆಮ್ಮುತ್ತಲೇ ಇತ್ತು.

"ಸುಳ್ಳು ಹೇಳಲ್ಲ, ಈ ಅಡುಗೆಮನೆಗೆ ವರ್ಷಪೂರ್ತಿ ಬಿಸಿಲು ಬೀಳಲ್ಲ" ಎಂದಿದ್ದಳು ಸ್ಟೇಸಿ. ಇನ್ನು ಹೊರಟೇಬಿಡುತ್ತಾಳೆ ಎಂಬ ಭಯಕ್ಕೆ ಕಿಟಕಿಯ ಕಡೆ ಕೈ ತೋರಿಸಿದಳು. "ಆದ್ರೆ ಇಲ್ಲಿ ನೋಡಿ. ಆ ಹಸಿರು ಬೇಲಿ ಹಿತ್ತಲು ನಿಮ್ಮದೇ ಅಲ್ವಾ? ಪಾತ್ರೆ ತೊಳೀತಾ ನಾನು ದಿನಾ ನೋಡ್ತೀನಿ. ನೀವು ಬಟ್ಟೆ ಒಣಗ್ಹಾಕೋದು, ಆ ದೊಡ್ಡೆಲೆ ಗಿಡದ ಹತ್ರ ಕೂತು ಏನೋ ಮಾತಾಡೋದು. ಹೊಟ್ಟೆಕಿಚ್ಚಾಗೋದು ನಂಗೆ."

ಗ್ಲೆಂಡಾ ಕಿಟಕಿಯ ಬಳಿ ತುಂಬ ಹೊತ್ತು ನಿಂತಳು.

"ಬಿಸಿಲು ಯಾಕೆ, ನೋಡೋಕೆ ಬೆಳಕಿದ್ರೆ ಸಾಕು" ಎಂದಳು.

ಬೀಗದ ಕೈ ಕೊಟ್ಟ ದಿನ ಹಿತ್ತಲ ಮೆಟ್ಟಿಲ ಮೇಲೆ ಕೂತು ಉಳಿದದ್ದನ್ನು ಹೇಳಿದಳು. ದೊಡ್ಡೆಲೆಯ ಗಿಡ ರೂಬಾರ್ಬ್, ಅಡುಗೆಗೆ ಬಳಸುವ ಹುಳಿ ದಂಟಿನದು, ಕೆನ್ ನೆಟ್ಟದ್ದು. ಅದರ ಬುಡದಲ್ಲೇ ಕೆನ್‌ನ ಚಿತಾಭಸ್ಮ ಹಾಕಿದ್ದಾಳೆ. "ಯಾರ ಹತ್ರಾನೂ ಹೇಳ್ಬೇಡ ಕಣೇ, ನಗ್ತಾರೆ. ಏಪ್ರಿಲ್‌ನಲ್ಲಿ ಬಂದು ಒಂದು ಚೀಲ ದಂಟು ಕಿತ್ಕೊಂಡು ಹೋಗ್ತೀನಿ, ಅಷ್ಟೇ. ಬೇಜಾರಿಲ್ಲ ತಾನೇ?"

"ಅಯ್ಯೋ, ಬೇಜಾರೇನು! ನಾನು ನೋಡ್ಕೋತೀನಿ ಕೆನ್‌ನ" ಎಂದು ಸ್ಟೇಸಿ ಅವಳ ಕೈ ಹಿಡಿದುಕೊಂಡಿದ್ದಳು. ಆ ಹೊತ್ತಿಗೆ ಆ ಮಾತು ನಿಜವೇ ಆಗಿತ್ತು.

*

ದಹನ ಮುಗಿದ ಮೇಲೆ ಎಲ್ಲರೂ ಕ್ಲಬ್ಬಿನ ಹಿಂದಿನ ಹಾಲ್‌ನಲ್ಲಿ ಸೇರಿದರು. ಹಂದಿಮಾಂಸದ ಸ್ಯಾಂಡ್‌ವಿಚ್, ಉಪ್ಪಿನಕಾಯಿ ಹಾಕಿದ ಈರುಳ್ಳಿ, ಕಡುಚಹಾ. ಮುಖ ತೋರಿಸಿ ಜಾರಿಕೊಳ್ಳೋಣ ಎಂದು ಸ್ಟೇಸಿ ಬಾಗಿಲ ಪಕ್ಕದಲ್ಲೇ ಕೂತಿದ್ದಳು. ಅವಳು ಬಿಟ್ಟಮೇಲೆ ಆ ಹಳೇ ಕಟ್ಟಡಕ್ಕೆ ಬಂದಿದ್ದ ಒಬ್ಬ ಮುದುಕ ತಟ್ಟೆ ಹಿಡಿದು ಸೀದಾ ಅವಳ ಬಳಿಗೇ ಬಂದ.

"ನೀನೇ ಅಲ್ವೇನಮ್ಮಾ ರೂಬಾರ್ಬ್ ಕಳಿಸ್ತಿದ್ದೋಳು?"

"ಏನಂದ್ರಿ?"

"ಪ್ರತಿ ವಸಂತದಲ್ಲೂ ಗ್ಲೆಂಡಾ ಬಿಸಿಬಿಸಿ ಸಿಹಿ ಕ್ರಂಬಲ್ ಮಾಡಿ ಮಹಡಿ ಮಹಡಿಗೂ ಹಂಚೋಳು. ನಮ್ಮ ಹಿತ್ತಲದು, ಸ್ಟೇಸಿ ಕಳಿಸಿದ್ದು ಅನ್ನೋಳು. ಅಂಗಡೀದು ಆ ರುಚಿ ಬರಲ್ಲ ಬಿಡು."

ಪಕ್ಕದ ಮೇಜಿನ ಹೆಂಗಸು ಬಾಯಿ ಹಾಕಿದಳು. "ಈ ಕಾಲದಲ್ಲಿ ಯಾರು ನೆನಪಿಟ್ಕೊಂಡು ಕಳಿಸ್ತಾರೆ ಹೇಳಿ? ಮನೆ ಸಿಕ್ಕಿದ ಮೇಲೆ ಯಾರೋ ಏನೋ ಅಂತಾರೆ. ದೊಡ್ಡ ಮನಸ್ಸು ನಿಮ್ದು."

ನೋರಾ ಕಣ್ಣೊರೆಸಿಕೊಂಡಳು. "ಬೆಳಿಗ್ಗೆ ಪರದೆ ವಿಷ್ಯಕ್ಕೆ ಸುಮ್ನೆ ಬೈದ್ಬಿಟ್ಟೆ ಕಣೇ ನಿನ್ನ. ಈ ಹಾಳು ನಾಲಗೆ ನಂದು."

ಸ್ಟೇಸಿ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ತಟ್ಟೆಗಿಟ್ಟಳು. ಇಲ್ಲ, ನಾನು ಕಳಿಸಿಲ್ಲ ಅಂದರೆ ಮುಗಿಯಿತು. ಮೂರು ಪದ. ಅಷ್ಟನ್ನು ಹೇಳಲಾರದೆ ಅವಳು ಚಹಾ ಕುಡಿದಳು.

*

ಎರಡು ಏಪ್ರಿಲ್ ಗ್ಲೆಂಡಾ ಬಂದಿದ್ದಳು. ದಂಟು ಕಿತ್ತು, ಮೆಟ್ಟಿಲ ಮೇಲೆ ಕೂತು, ಹೋಗಿದ್ದಳು. ಮೂರನೇ ಏಪ್ರಿಲ್‌ಗೆ ರೂಬಾರ್ಬ್ ಪಾತಿಯೇ ಇರಲಿಲ್ಲ. ಗಂಡ ವೇನ್‌ಗೆ ಕೆಲಸದ ಜಾಗದಲ್ಲಿ ಕಲ್ಲುಚಪ್ಪಡಿ ಬಿಟ್ಟಿ ಸಿಕ್ಕಿದ್ದವು. ಮಕ್ಕಳು ದಿನವೂ ಕೆಸರು ಹೊತ್ತು ಒಳಬರುತ್ತಿದ್ದವು. ಅವನು ಬುಡಸಮೇತ ಅಗೆದು, ಮಣ್ಣನ್ನೆಲ್ಲ ಕಸದ ಲಾರಿಗೆ ಹಾಕಿ, ಹಿತ್ತಲಿಗೆಲ್ಲ ಚಪ್ಪಡಿ ಹಾಸಿ, ಮೇಲೆ ನೀಲಿ ಟ್ರ್ಯಾಂಪೊಲೀನ್ ಇಟ್ಟ. ಸ್ಟೇಸಿ ಅಡುಗೆಮನೆಯಲ್ಲಿ ನಿಂತು ನೋಡುತ್ತಿದ್ದಳು. ತಡೆಯಬೇಕಾದರೆ ಕಾರಣ ಹೇಳಬೇಕಿತ್ತು, ಹೇಳಿದರೆ ವೇನ್ ಜಗಳಕ್ಕೆ ಬರುತ್ತಿದ್ದ. ಮಣ್ಣು ತಾನೇ, ಎಂದು ತನಗೆ ತಾನೇ ಹೇಳಿಕೊಂಡಳು. ಮಕ್ಕಳು ಕುಣಿದು ಕೇಕೆ ಹಾಕಿದಾಗ ಅವಳಿಗೆ ಸಂತೋಷವೂ ಆಗಿತ್ತು.

ಮುಂದಿನ ವಾರ ಬಾಗಿಲು ತಟ್ಟಿದ ಸದ್ದು. ಕೋಲು, ಚೀಲ, ಗ್ಲೆಂಡಾ. ಸ್ಟೇಸಿ ಮೂರೂ ಮಕ್ಕಳನ್ನು ಎಳೆದುಕೊಂಡು ಸೋಫಾ ಹಿಂದೆ ಬಗ್ಗಿ ಕೂತಳು. ಚಿಕ್ಕವಳಿದ್ದಾಗ ಬಾಡಿಗೆ ವಸೂಲಿಯವನು ಬಂದರೆ ಅಮ್ಮ ಅವಳನ್ನು ಹೀಗೆಯೇ ಕೂರಿಸುತ್ತಿದ್ದಳು.

ಬಾಗಿಲಿನ ಅಂಚೆ ಕಂಡಿಯಿಂದ ದನಿ ಬಂತು. "ಸ್ಟೇಸಿ? ನಾನು ಕಣೇ, ಗ್ಲೆಂಡಾ."

ಸಣ್ಣದಕ್ಕೆ ಇದು ಆಟ ಅನ್ನಿಸಿ ಕಿಸಕ್ಕನೆ ನಕ್ಕುಬಿಟ್ಟಿತು. ಸ್ಟೇಸಿ ಅದರ ಬಾಯಿ ಮುಚ್ಚಿದಳು. ಕಂಡಿಯ ಮುಚ್ಚಳ ಮೆಲ್ಲಗೆ, ಸದ್ದಾಗದ ಹಾಗೆ ಮುಚ್ಚಿಕೊಂಡಿತು. ಆಮೇಲೆ ಗ್ಲೆಂಡಾ ಬರಲಿಲ್ಲ. ಅಂಗಡಿಯಲ್ಲಿ ಎದುರಾದರೆ ಮಕ್ಕಳ ಕೆಮ್ಮು ವಾಸಿಯಾಯಿತೇ ಎಂದು ಮಾತ್ರ ಕೇಳುತ್ತಿದ್ದಳು.

*

"ಒಂದು ನಿಮಿಷ ಬರ್ತೀರಾ ಸ್ಟೇಸಿ?" ಕ್ರೇಗ್ ಅವಳ ತೋಳು ಮುಟ್ಟಿದ. "ಅಮ್ಮ ನಿಮಗೆ ಅಂತ ಒಂದು ಪಾತ್ರೆ ಎತ್ತಿಟ್ಟಿದಾಳೆ. ಸೋಮವಾರ ಮನೆ ಬೀಗ ವಾಪಸ್ ಕೊಡ್ಬೇಕು, ಇವತ್ತೇ ತಗೊಂಡ್ಬಿಡಿ."

ಬೇಡ ಎನ್ನಲು ಎಲ್ಲರೂ ನೋಡುತ್ತಿದ್ದರು. ಮೂರು ಮಹಡಿಯ ಮೆಟ್ಟಿಲು ಹತ್ತುವಾಗ ಅವಳ ಕಾಲಿಗೆ ಪ್ರತಿ ತಿರುವೂ ನೆನಪಿತ್ತು. ಗ್ಲೆಂಡಾಳ ಮಂಡಿಗಳೂ ನೆನಪಾದವು. ಮುದುಕರಿಗೆ ಕೋಣೆ ತೆರಿಗೆ ಇಲ್ಲ. ಗ್ಲೆಂಡಾ ಮೊನ್ನೆ ಚಳಿಗಾಲದಲ್ಲಷ್ಟೇ ಆ ವಯಸ್ಸು ಮುಟ್ಟಿದ್ದಳು.

"ಇನ್ನೊಂದು ವಿಷಯ," ಕ್ರೇಗ್ ಬೀಗ ತೆಗೆಯುತ್ತ ಹೇಳಿದ. "ಅಪ್ಪ ಎಲ್ಲಿದಾರೆ ಅಂತ ನಿಮಗೆ ಗೊತ್ತಂತಲ್ಲ. ಬುಧವಾರ ಅಮ್ಮನ ಭಸ್ಮ ಕೊಡ್ತಾರೆ. ಪಾತಿಗೆ ಒಂದು ಹಿಡಿ ಹಾಕ್ಲಾ? ಆಸ್ಪತ್ರೇಲಿ ಕೇಳಿದ್ದಕ್ಕೆ ಅಮ್ಮ ಏನಂದ್ಲು ಗೊತ್ತಾ? ಅವಳಿಗೆ ತೊಂದ್ರೆ ಕೊಡ್ಬೇಡ ಕಣೋ, ಪಾಪ, ಸಣ್ಣ ಮಕ್ಕಳಿದಾವೆ, ಆ ಕಡೆ ಹೋಗ್ಲೇಬೇಡ ಅಂದ್ಲು. ಅಮ್ಮ ಹಾಗೇನೇ, ಯಾರಿಗೂ ಭಾರ ಆಗ್ಬಾರ್ದು. ನಿಮ್ಮನ್ನ ಕೇಳಿದ್ರೆ ನೀವು ಬೇಡ ಅನ್ನಲ್ಲ ಅಂತ ನನಗನ್ನಿಸ್ತು."

ಸ್ಟೇಸಿ ಅವನ ಹಿಂದೆ ಒಳಹೊಕ್ಕಳು. ಅಡುಗೆಮನೆ ಕತ್ತಲಾಗಿತ್ತು. ಹೊರಗೆ ಇನ್ನೂ ಒಳ್ಳೆಯ ಬೆಳಕಿದ್ದರೂ ಒಳಗೆ ದೀಪ ಹಾಕಬೇಕಾಯಿತು. ದೀಪ ಹತ್ತಿದಾಗ ಅವಳು ಕಿಟಕಿ ನೋಡಿದಳು. ಗಾಜಿಗೆ ಕೆಳಗಿನಿಂದ ಮೇಲಿನವರೆಗೆ ಗೋಡೆಗೆ ಹಚ್ಚುವ ಗುಲಾಬಿ ಹೂವಿನ ಕಾಗದ ಅಂಟಿಸಿತ್ತು. ಅಂಚು ಅಂಚಿಗೂ, ಗುಳ್ಳೆ ಏಳದ ಹಾಗೆ, ಅಚ್ಚುಕಟ್ಟಾಗಿ.

"ಅದಾ? ಬಿಸಿಲು ಕಣ್ಣಿಗೆ ಹೊಡೆಯತ್ತೆ ಅಂತ ಅಮ್ಮ ಹಚ್ಚಿದ್ಲು. ಎರಡು ವರ್ಷ ಆಯ್ತೇನೋ" ಎಂದ ಕ್ರೇಗ್.

ಎಂಟು ವರ್ಷ ಈ ಕಿಟಕಿಯ ಮುಂದೆ ಪಾತ್ರೆ ತೊಳೆದವಳು ಸ್ಟೇಸಿ. ಈ ಗಾಜಿಗೆ ಬಿಸಿಲು ಬಿದ್ದದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

ಕ್ರೇಗ್ ಕಂದು ಬಣ್ಣದ ಮಣ್ಣಿನ ಪಾತ್ರೆಯನ್ನು ಅವಳ ಕೈಗಿಟ್ಟ. ಕ್ರಂಬಲ್ ಮಾಡುತ್ತಿದ್ದ ಪಾತ್ರೆ. ಬಳಸಿ ಬಳಸಿ ಅಂಚು ಸವೆದಿತ್ತು. ಗ್ಲೆಂಡಾ ತೊಳೆದು ಒರೆಸಿ ಇಟ್ಟಿದ್ದಳು.

"ಹೇಗಿದ್ರೂ ಇದನ್ನ ಕಿತ್ತು ಕೊಡ್ಬೇಕು, ಇಲ್ಲಾಂದ್ರೆ ಅದಕ್ಕೂ ದುಡ್ಡು ಹಾಕ್ತಾರೆ" ಎನ್ನುತ್ತ ಕ್ರೇಗ್ ಕಾಗದದ ಮೂಲೆಗೆ ಉಗುರು ಹಾಕಿದ.

"ಬಿಡಿ ಕ್ರೇಗ್, ನಾನೇ ಆಮೇಲೆ ಬಂದು..."

"ಅಯ್ಯೋ, ಎಷ್ಟೊತ್ತಿನ ಕೆಲಸ!"

ಕಾಗದ ಪರಪರನೆ ಬಂತು. ಮೊದಲು ಆಕಾಶ, ಆಮೇಲೆ ಹೆಂಚುಗಳು, ಆಮೇಲೆ ಬೀದಿಯ ಹಿತ್ತಲುಗಳ ಉದ್ದನೆಯ ಸಾಲು.

"ಓಹೋ, ಇಲ್ಲಿಂದ ನಮ್ಮ ಬೀದಿ ಹಿತ್ತಲೆಲ್ಲಾ ಕಾಣತ್ತಲ್ರೀ! ಅಮ್ಮ ಹೇಳೇ ಇಲ್ಲ ನೋಡಿ." ಅವನು ಗಾಜಿಗೆ ಹಣೆ ತಾಗಿಸಿದ. ಅವನ ಕಣ್ಣು ಒಂದೊಂದೇ ಬೇಲಿಯೊಳಗೆ ಇಳಿದು ಹತ್ತಿತು. "ಬೇಲಿಗಳಿಗೆಲ್ಲಾ ಬಣ್ಣ ಬದಲಾಯಿಸಿದಾರೆ, ಗುರುತೇ ಸಿಗ್ತಿಲ್ಲ. ಈ ತಿಂಗಳಲ್ಲಿ ಆ ಎಲೆ ಕೊಡೆಯಷ್ಟು ಅಗಲ ಇರ್ಬೇಕಲ್ಲ, ಎಲ್ಲೂ ಕಾಣ್ತಿಲ್ಲ. ನಮ್ಮದು ಯಾವುದು ಸ್ಟೇಸಿ?"

ಇವತ್ತೊಂದು ದಿನ ಕುಣಿಯಬೇಡಿ ಎಂದು ಸ್ಟೇಸಿ ಬೆಳಿಗ್ಗೆ ಮಕ್ಕಳನ್ನು ಗದರಿಸಿ ಬಂದಿದ್ದಳು. ದೂರದಲ್ಲಿ ನೀಲಿ ವೃತ್ತದ ಮೇಲೆ ಅವಳ ಮೂರು ಮಕ್ಕಳು ಎದ್ದು ಬೀಳುತ್ತಿದ್ದವು. ಸುತ್ತ ಬೂದುಬಣ್ಣದ ಕಲ್ಲು. ಸಣ್ಣದು ಮೇಲೆ ಹಾರಿದಾಗಲೆಲ್ಲ ಅದರ ಕೆಂಪು ಟೋಪಿ ಬೇಲಿಯ ಮೇಲೆ ಕಾಣಿಸಿ ಮರೆಯಾಗುತ್ತಿತ್ತು.

ಸ್ಟೇಸಿ ಪಾತ್ರೆಯನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡಳು. ಬಲಗೈ ಎತ್ತಿ ಗಾಜಿನ ಮೇಲೆ, ಆ ನೀಲಿ ವೃತ್ತದ ಮೇಲೆ, ಬೆರಳಿಟ್ಟಳು. ಅಂಟು ಇನ್ನೂ ಹಸಿಯಾಗಿತ್ತೇನೋ ಎಂಬ ಹಾಗೆ ಬೆರಳು ಅಲ್ಲಿಯೇ ನಿಂತಿತು.