ಪಕ್ಕದ ಮಂಚ

"ಎತ್ತೇ ಬೇಗ! ಮದುವೆ ಹೆಣ್ಣನ್ನ ಹೊತ್ಕೊಂಡು ಬರ್ತಿದ್ದೀಯಾ, ಹಿಂಗೆ ಹೆಜ್ಜೆ ಮೇಲೆ ಹೆಜ್ಜೆ ಇಡೋಕೆ?"

ವಾರ್ಡನ್ ಬಚ್ಚಲ ಬಾಗಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂಗುತ್ತಿದ್ದಳು. ಹಮಾಲಿಯ ತೋಳುಗಳ ಮೇಲಿದ್ದ ಅಜ್ಜಿ, ನೀರಿಳಿಯುವ ತಲೆಯನ್ನು ಅತ್ತ ಹೊರಳಿಸಿದಳು.

"ನನ್ನ ಮದುವೇಲೂ ಯಾರೂ ಹಿಂಗೆ ಹೊತ್ತಿರ್ಲಿಲ್ಲ ಕಣಮ್ಮ. ಹೊಟ್ಟೆಕಿಚ್ಚಾ? ಬಾ, ನಿನ್ನನ್ನೂ ಒಂದು ಸುತ್ತು ಹೊರ್ತಾಳೆ."

ಹೆಂಗಸರ ವಾರ್ಡಿನ ಮಂಚಗಳಿಂದ ನಗು ಕೇಳಿಬಂದು, ತಟಕ್ಕನೆ ನಿಂತಿತು. ಹಮಾಲಿ ಕಾಲೂರಿ ಕಾಲೂರಿ ನಡೆದಳು. ನೆಲ ಒದ್ದೆಯಾಗಿತ್ತು. ಅಜ್ಜಿಗೆ ಕಾಲುಗಳ ಸ್ವಾಧೀನವಿಲ್ಲ. ಅವು ಹಗ್ಗಕ್ಕೆ ಹಾಕಿದ ಬಟ್ಟೆಯಂತೆ ಜೋತಾಡುತ್ತಿದ್ದವು. ಸಕ್ಕರೆ ಮೂಟೆ ಹೊತ್ತು ಹುರಿಗೊಂಡ ತೋಳುಗಳಿಗೆ ಈ ಮೈ ಒಂದು ಭಾರವೇ ಅಲ್ಲ. ಮೂಟೆಯಾದರೆ ಧೊಪ್ಪೆಂದು ಇಳಿಸಬಹುದಿತ್ತು, ಅಷ್ಟೆ.

ಮಂಚದ ಮೇಲೆ ಮಲಗಿಸಿ, ಬೆನ್ನಿನ ಹುಣ್ಣು ಒರೆಸಿ, ಮುಲಾಮು ಹಚ್ಚಿ, ಕೂದಲ ಸಿಕ್ಕು ಬಿಡಿಸುವಷ್ಟರಲ್ಲಿ ಸಂಜೆಯ ಗಂಟೆ ಬಾರಿಸಿತು.

"ನಡಿಯೋ ಹೊರಗೆ," ಅಂದಳು ವಾರ್ಡನ್. "ಗಂಟೆ ಆದ್ಮೇಲೆ ಇಲ್ಲಿ ಗಂಡಸರು ಇರಂಗಿಲ್ಲ."

ಹುಟ್ಟಿದಾಗ ಗಂಡೆಂದು ಕರೆದವರ ಮನೆಯನ್ನು ಹಮಾಲಿ ಮೀಸೆ ಮೂಡುವ ಮೊದಲೇ ಬಿಟ್ಟು ಬಂದಿದ್ದಳು. ಲಂಗ ತೊಟ್ಟು ಮೂಟೆ ಹೊರುವವಳನ್ನು ಕಂಡು ಮಾರುಕಟ್ಟೆ ಮೊದಲು ನಕ್ಕಿತು, ಆಮೇಲೆ ಕಲ್ಲೆಸೆಯಿತು, ಕೊನೆಗೆ ಅರ್ಧ ಕೂಲಿಗೆ ಒಪ್ಪಿಕೊಂಡಿತು. ಮೆಟ್ಟಿಲ ಕೆಳಗೆ ಈರುಳ್ಳಿ ಮಾರುತ್ತಿದ್ದ ಅಜ್ಜಿ ಮಾತ್ರ ಏನನ್ನೂ ಕೇಳದೆ, "ಆ ಕಡೆ ಮಲಗು, ಗಾಳಿ ನನಗೇ ಹೊಡೀತಿದೆ" ಎಂದಿದ್ದಳು. ಅಂದಿನಿಂದ ಅಜ್ಜಿ ಗೋಡೆಯ ಬದಿಗೆ, ಹಮಾಲಿ ರಸ್ತೆಯ ಬದಿಗೆ. ಕುಡುಕರ ಕಾಲು, ಪೊಲೀಸರ ಲಾಠಿ, ಯಾವುದಿದ್ದರೂ ಮೊದಲು ಹಮಾಲಿಯ ಬೆನ್ನಿಗೆ. ಮಾರುಕಟ್ಟೆ ಕೆಡವಿದ ದಿನ ಆಶ್ರಯಕೇಂದ್ರದ ವ್ಯಾನು ಅಜ್ಜಿಯನ್ನು ಹತ್ತಿಸಿಕೊಂಡಿತು. ಹಮಾಲಿ ಅದರ ಹಿಂದೆಯೇ ಓಡಿ ಬಂದಳು.

ಅವಳನ್ನು ಗಂಡಸರ ವಾರ್ಡಿಗೆ ಹಾಕಿದರು. ಬೆಳಗಾಗುವಷ್ಟರಲ್ಲಿ ಮುಂದಿನ ಹಲ್ಲು ಹೋಗಿತ್ತು, ಲಂಗ ಹರಿದಿತ್ತು. ಅಲ್ಲಿಂದ ಅವಳ ಜಾಗ ಗೇಟಿನಾಚೆಯ ಅಂಗಡಿ ಕಟ್ಟೆ. ಆದರೆ ಮಲಗಿದಲ್ಲೇ ಇರುವ ಮುದುಕಿಯರನ್ನು ತೊಳೆಯಲು ಕೇಂದ್ರದ ಆಯಾಗಳು ಯಾರೂ ನಿಲ್ಲುತ್ತಿರಲಿಲ್ಲವಾದ್ದರಿಂದ, ಹಗಲು ಹೊತ್ತು ಹೆಂಗಸರ ವಾರ್ಡಿನ ಬಾಗಿಲು ಅವಳಿಗೆ ತೆರೆದೇ ಇರುತ್ತಿತ್ತು. ತೊಳೆಯುವ ಕೆಲಸ ಮೊದಲು ಅಜ್ಜಿಯದು ಮಾತ್ರ. ಆಮೇಲೆ ಎಲ್ಲರದೂ.

"ಪಕ್ಕದ ಮಂಚ ಖಾಲಿ ಬಿದ್ದಿದೆಯಲ್ಲಮ್ಮ," ಎಂದಳು ಹಮಾಲಿ. "ರಾತ್ರಿ ಅಜ್ಜಿ ಹೆದರ್ಕೊಂಡು ನನ್ನ ಕೂಗ್ತಾಳೆ. ಕಟ್ಟೆ ಮೇಲೆ ಮಲಗಿದ್ರೂ ನಂಗೆ ಕೇಳ್ಸುತ್ತೆ."

"ಹೆಂಗಸರ ಮಧ್ಯೆ ನಿನ್ನ ಮಲಗಿಸ್ಲಾ? ದರ್ಜಿಯಮ್ಮ ಆಗ್ಲೇ ದೂರು ಕೊಟ್ಟಿದ್ದಾಳೆ."

ಎದುರು ಮಂಚದ ದರ್ಜಿಯಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಂದ್ರೆ ಉಚ್ಚೆ ಬಳಿಯೋವಾಗ ನಾನು ಹೆಂಗಸು, ಮಲಗೋವಾಗ ಗಂಡಸಾ?"

"ಬಾಯಿ ಮಾಡ್ಬೇಡ. ನಾಳೆಯಿಂದ ಹಗಲೂ ಬರದ ಹಾಗೆ ಮಾಡ್ತೀನಿ."

ಬಾಗಿಲಾಚೆ ಬಂದ ಮೇಲೆ ವಾರ್ಡನ್ನಿನ ದನಿಗೆ ಜೇನು ಹತ್ತಿತು. "ಇಲ್ಲಿ ಬಾಮ್ಮ," ಎಂದು ಹಿತ್ತಿಲ ಕಡೆ ಕರೆದುಕೊಂಡು ಹೋದಳು. ಮರುದಿನ ಬೆಳಿಗ್ಗೆ, ಇಂಥ ಕೇಂದ್ರಗಳನ್ನು ನಡೆಸುವ ಸಂಸ್ಥೆಯ ಅಧ್ಯಕ್ಷೆ ಬರುವವರಿದ್ದರು. ಎಲ್ಲ ಬಗೆಯ ಜನರನ್ನೂ ಒಳಗೆ ಸೇರಿಸಿಕೊಂಡ ಕೇಂದ್ರ ಯಾವುದೋ, ಮುಂದಿನ ವರ್ಷದ ಅನುದಾನ ಅದಕ್ಕೆ.

"ಕುರುಡರು ಇದ್ದಾರೆ, ಬೇರೆ ಭಾಷೆಯವರು ಇದ್ದಾರೆ, ಎಲ್ಲಾ ದೇವರಿಗೂ ಕೈಮುಗಿಯೋರು ಇದ್ದಾರೆ. ನಿಮ್ಮಂಥವರು ಒಬ್ರು ಕಡಿಮೆ ಬಿದ್ದಿದ್ದಾರೆ."

ಚೀಲದಲ್ಲಿ ಕೊತ್ತಂಬರಿ ಸೊಪ್ಪು ಕಡಿಮೆ ಬಿದ್ದ ಹಾಗೆ ಹೇಳಿದಳು.

ಕಸಬರಿಗೆ, ಫಿನಾಯಿಲು ಇಡುತ್ತಿದ್ದ ಕೋಣೆಯ ಮುಂದೆ ನಿಲ್ಲಿಸಿದಳು. ಸುಣ್ಣ ಇನ್ನೂ ಆರಿರಲಿಲ್ಲ. ಬಾಗಿಲ ಮೇಲೆ ಹೊಳೆಯುವ ಅಕ್ಷರದಲ್ಲಿ 'ವಿಶೇಷ ಕೊಠಡಿ'. ಒಳಗೆ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಹೊರಗೆ ಬೇರೆ ನಲ್ಲಿ.

"ನಿನಗೇ ಅಂತ ಮಾಡಿಸಿದ್ದು. ಊಟಾನೂ ಇಲ್ಲಿಗೇ ತಂದು ಕೊಡ್ತಾರೆ. ನೀನು ಹಾಲ್‌ಗೆ ಬರೋ ಕಷ್ಟಾನೇ ಇಲ್ಲ."

ಹಮಾಲಿಯ ಕಣ್ಣು ಚಿಲಕದ ಮೇಲಿತ್ತು. ಒಳಗಿನಿಂದ ಹಾಕುವ ಚಿಲಕ. ಮನೆ ಬಿಟ್ಟ ಮೇಲೆ ಅಂಥದ್ದೊಂದರ ಹಿಂದೆ ಅವಳು ಮಲಗಿದ್ದೇ ಇಲ್ಲ. ಕೈ ತಾನಾಗಿಯೇ ಹೋಗಿ ಅದನ್ನು ಮುಂದಕ್ಕೆ ತಳ್ಳಿತು, ಹಿಂದಕ್ಕೆ ಎಳೆಯಿತು. ಎಣ್ಣೆ ಹಾಕಿದ್ದರು, ಸದ್ದೇ ಇರಲಿಲ್ಲ.

"ಅಜ್ಜೀನೂ ಇಲ್ಲಿಗೇ ಹಾಕ್ತೀರಾ?"

"ಅಜ್ಜಿ ಹೆಂಗಸರ ಲೆಕ್ಕ. ನೀನು ಬೇರೆ ಲೆಕ್ಕ."

"ಅಜ್ಜೀನ ಕೇಳಿ ಹೇಳ್ತೀನಿ."

"ಕೇಳೋದೇನು? ಪುಗಸಟ್ಟೆ ಕೋಣೆ ಸಿಕ್ಕಿದೆ, ಕೊಬ್ಬು ನೋಡು ಇವನಿಗೆ!"

ಬೆಳಿಗ್ಗೆ ಹಮಾಲಿ ಅಜ್ಜಿಗೆ ಎಲ್ಲ ಹೇಳಿದಳು. ಅಜ್ಜಿ ಅವಳತ್ತ ತಲೆ ಹೊರಳಿಸಿದಳು.

"ಚಿಲಕ ಗಟ್ಟಿಯಾಗಿದ್ಯಾ?"

"ಇದೆ."

"ಹೋಗ್ಬೇಕು ಅನ್ಸುತ್ತಾ?"

ಹಮಾಲಿ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಿದ್ದೆ ಮಾಡ್ಬೇಕು ಅನ್ಸುತ್ತಮ್ಮ."

"ತಟ್ಟೆ ಯಾಕೆ ಬೇರೆ ಅಂತೆ? ಇಷ್ಟು ವರ್ಷ ನಿನ್ನ ಎಂಜಲು ತಿಂದು ನಾನೇನು ಸತ್ತಿದ್ದೀನಾ? ಮುಂಡೇವು." ಅಜ್ಜಿ ತಲೆಯ ಬಳಿಯ ಚೊಂಬನ್ನು ತೋರಿಸಿದಳು. "ಕುಡಿಯೋಕೆ ನೀರು ಕೊಡು. ಇನ್ನೂ ಕೊಡು. ತುಂಬ್ಸು ಅಂದ್ನಲ್ಲ. ಮಗಳೇ, ಇವತ್ತು ನಾನು ಏನೇ ಮಾಡ್ಕೊಂಡ್ರೂ ನೀನು ನನ್ನ ಮುಟ್ಟಕೂಡ್ದು. ನನ್ನಾಣೆ."

"ಬೆನ್ನಲ್ಲಿ ಹುಣ್ಣು ಬಾಯಿ ಬಿಟ್ಟಿದೆ. ಉರಿ ತಡೆಯೋಕಾಗಲ್ಲ ನಿಂಗೆ."

"ಉರಿಯೋದು ನಂಗೆ ತಾನೆ? ಸುರಿ ನೀರು."

ಅಧ್ಯಕ್ಷೆ ಬಂದರು. ಜೊತೆಗೆ ಕ್ಯಾಮೆರಾ ಬಂತು. ನೆಲ ಕನ್ನಡಿಯಂತಿತ್ತು. ಒಗೆದ ಲಂಗ ತೊಟ್ಟು ಬಾಗಿಲ ಬಳಿ ನಿಂತಿದ್ದ ಹಮಾಲಿಯ ಹೆಗಲ ಮೇಲೆ ವಾರ್ಡನ್ ಕೈ ಹಾಕಿದ್ದಳು. ಹಿಂದೆಂದೂ ಮುಟ್ಟದ ಕೈ.

"ನಮ್ಮಲ್ಲಿ ಭೇದಭಾವ ಅನ್ನೋದೇ ಇಲ್ಲ ಮೇಡಂ. ಇವಳು ನಮ್ಮ ಮನೆಮಗಳು."

"ಬಹಳ ಸಂತೋಷ," ಎಂದರು ಅಧ್ಯಕ್ಷೆ.

"ಹೋಯ್ತು ಕಣ್ರಮ್ಮೋ!" ಅಜ್ಜಿ ವಾರ್ಡು ಅದುರುವಂತೆ ಕೂಗಿದಳು.

ಮಂಚದ ಕೆಳಗೆ ಮೊದಲು ಹನಿ ಬಿತ್ತು, ಆಮೇಲೆ ಧಾರೆಯೇ ಇಳಿಯಿತು. ಹೊಳೆಯುವ ನೆಲದ ಮೇಲೆ ಅದು ಅವಸರವಿಲ್ಲದೆ ಅಧ್ಯಕ್ಷೆಯ ಚಪ್ಪಲಿಯತ್ತ ಹರಿಯಿತು. ಕ್ಯಾಮೆರಾದವನು ಹಿಂದೆ ಸರಿದ.

"ಬಾಮ್ಮ, ಬೇಗ ಬಾ, ಬದಲಿಸು," ವಾರ್ಡನ್ ಒಣ ದುಪ್ಪಟಿಯನ್ನು ಹಮಾಲಿಯ ಕೈಗೆ ತುರುಕಿದಳು.

ಅಜ್ಜಿಯ ದವಡೆ ಬಿಗಿದಿತ್ತು. ಉಚ್ಚೆಯ ಉಪ್ಪು ಹುಣ್ಣಿಗೆ ಇಳಿದದ್ದು ಹಮಾಲಿಗೆ ಅಲ್ಲಿಂದಲೇ ಗೊತ್ತಾಯಿತು. ದುಪ್ಪಟಿಯನ್ನು ವಾರ್ಡನ್ನಿನ ಹೆಗಲಿಗೇ ಹಾಕಿ, ನೀರು ದಾಟಿ ನಡೆದು, ಪಕ್ಕದ ಖಾಲಿ ಮಂಚದ ಮೇಲೆ ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅದುಮಿಕೊಂಡಳು.

"ನಾನು ಗಂಡಸು ಅಂದ್ರಲ್ಲಮ್ಮ ನೀವು. ಗಂಡಸರು ಹೆಂಗಸರ ಬಟ್ಟೆ ಬಿಚ್ಚಬಾರದು."

"ಏಳೋ ಅಲ್ಲಿಂದ, ಬೋಳಿಮಗನೇ!"

ಬಾಯಿಂದ ಬಿದ್ದದ್ದನ್ನು ವಾರ್ಡನ್ನಿಗೆ ಮತ್ತೆ ನುಂಗಲಾಗಲಿಲ್ಲ. ಅಧ್ಯಕ್ಷೆ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದರು.

"ಏನಿದು?"

"ಇವಳಿಗೆ ಈ ಮಂಚ ಬೇಕಂತೆ ಮೇಡಂ. ಇಲ್ಲಿರೋ ಹೆಂಗಸರೇ ಬೇಡ ಅಂದಿದ್ದಾರೆ."

"ಅಂದೋಳು ನಾನು," ದರ್ಜಿಯಮ್ಮ ಸೂಜಿಯನ್ನು ರವಿಕೆಗೆ ಚುಚ್ಚಿಕೊಂಡು ಎದ್ದು ಕೂತಳು. "ಹೆದರಿಕೆ ಆಗಿತ್ತು, ಅಂದೆ. ಆಮೇಲೆ ನಂಗೆ ಜ್ವರ ಬಂದಾಗ ನನ್ನ ಗಲೀಜು ಬಾಚಿ ತೊಳೆದೋಳು ಇವಳೇ. ದೂರು ವಾಪಸ್ ತಗೋತೀನಿ ಅಂತ ಹೇಳ್ದೆ. ಈ ವಾರ್ಡನಮ್ಮ ಕಿವೀಗೆ ಹಾಕ್ಕೊಳ್ಳಲಿಲ್ಲ. ನಿಜ ಹೇಳ್ಲಾ? ರಾತ್ರಿಯೆಲ್ಲಾ ಈ ಮುದುಕಿ ಅರಚೋದನ್ನ ಕೇಳೋದಕ್ಕಿಂತ ಇವಳ ಗೊರಕೆ ವಾಸಿ."

"ನಾನು ಗೊರಕೆ ಹೊಡೆಯಲ್ಲ," ಎಂದಳು ಹಮಾಲಿ.

"ಹೊಡೀತೀಯ," ಎಂದಳು ಅಜ್ಜಿ, ಹಲ್ಲು ಕಡಿಯುತ್ತಲೇ.

ಯಾರೋ ನಕ್ಕರು. ಅಧ್ಯಕ್ಷೆ ನಗಲಿಲ್ಲ, ಒಳ್ಳೆಯ ಹೆಂಗಸು ಆಕೆ, ಕಣ್ಣು ತೇವವಾಗಿತ್ತು. ವಾರ್ಡನ್ನಿನ ಹೆಗಲ ಮೇಲಿದ್ದ ದುಪ್ಪಟಿಯನ್ನು ತಾವೇ ತೆಗೆದುಕೊಂಡರು. ಕ್ಯಾಮೆರಾ ಮತ್ತೆ ಮೇಲೆದ್ದಿತು.

"ಅಜ್ಜಿ, ಮುಂದಿನ ಸಭೆಯಲ್ಲಿ ಈ ವಿಷಯ ಖಂಡಿತ ಇಡ್ತೀನಿ. ನಿಯಮ ಅಂತ ಒಂದು ಇದೆ ನೋಡಿ. ಅಲ್ಲೀವರೆಗೂ ಅವರಿಗೆ ಆ ಹೊಸ ಕೋಣೆ ಇದ್ದೇ ಇದೆ. ಈಗ ನಾನೇ ನಿಮ್ಮ ಬಟ್ಟೆ ಬದಲಿಸ್ತೀನಿ."

"ಇವತ್ತು ನನ್ನ ಮಗಳು ಈ ಮಂಚದ ಮೇಲೆ ಮಲಗ್ತಾಳಾ?"

"ಸಭೆಯಲ್ಲಿ ಅಂದೆನಲ್ಲ ಅಜ್ಜಿ. ನಡುಗ್ತಿದ್ದೀರಿ ನೀವು. ಮೊದಲು ಈ ಒಣ ಬಟ್ಟೆ ತಗೊಳ್ಳಿ."

ಅಜ್ಜಿಯ ಇಡೀ ಮೈ ಗಡಗಡ ನಡುಗುತ್ತಿತ್ತು. ಕಬ್ಬಿಣದ ಮಂಚವೂ ಅದರ ಜೊತೆ ಕಿರುಗುಟ್ಟುತ್ತಿತ್ತು. ಅವಳು ದುಪ್ಪಟಿಯನ್ನು ನೋಡಲಿಲ್ಲ. ಅಧ್ಯಕ್ಷೆಯ ಮುಖವನ್ನೇ ನೋಡಿದಳು.

"ಬೇಡ," ಎಂದಳು.